ಪೆಪ್ಪರ್‌ಮಿಂಟ್ ಡಬ್ಬಿಯ ಕೆಂಪು ಅಂಕಿ

ನನ್ನ ಗಂಡ ಆರಿನ್ ಸಿಗರೇಟು ಬಿಟ್ಟದ್ದು ದೇವರ ದಯೆಯಿಂದ ಎಂದು ನಮ್ಮ ಚರ್ಚಿನ ಹೆಂಗಸರು ಹೇಳುತ್ತಾರೆ. ದೇವರಿಗೆ ಸಲ್ಲಬೇಕಾದದ್ದು ಸಲ್ಲಲಿ, ನನ್ನದೇನೂ ತಕರಾರಿಲ್ಲ. ಆದರೆ ಸಿಗರೇಟಿನ ಬದಲು ಆವಿ ಎಳೆಯುವ ಅವನ ಹಿತ್ತಾಳೆಯ ವೇಪಿಗೂ ಪೆಪ್ಪರ್‌ಮಿಂಟಿನ ಒಂದು ಖಾಲಿ ಡಬ್ಬಿಗೂ ಅದರಲ್ಲೊಂದು ಪಾಲು ಕೊಡದಿದ್ದರೆ ಅನ್ಯಾಯವಾದೀತು.

ಆರಿನ್ ನಮ್ಮೂರು ಬೆಮಿಜಿಯ ರಸ್ತೆಗಳಲ್ಲಿ ಹಿಮ ಸರಿಸುವ ಲಾರಿ ಓಡಿಸುತ್ತಾನೆ. ಮದುವೆಯಾದಾಗಿನಿಂದ ಅವನು ಮಲಗಿದರೆ ಎದೆಯೊಳಗೆ ಯಾರೋ ಸೀಟಿ ಊದುತ್ತಿದ್ದರು. ಅವನ ಅಪ್ಪ ಮೂಗಿಗೆ ಆಮ್ಲಜನಕದ ಕೊಳವೆ ಸಿಕ್ಕಿಸಿಕೊಂಡೇ ಹೋದವರು. ಮಗನೂ ಅದೇ ದಾರಿ ಹಿಡಿದಿದ್ದ. ಸಿಗರೇಟು ಬಿಡಿಸುವ ಅಂಟುಪಟ್ಟಿ, ಮಾತ್ರೆ, ಮಿಠಾಯಿ ಯಾವುದಕ್ಕೂ ಜಗ್ಗದ ಈ ಮನುಷ್ಯ ಆ ಹಿತ್ತಾಳೆ ವೇಪಿಗೆ ಜಗ್ಗಿದ. ಒಂದು ವರ್ಷಕ್ಕೆ ಸೀಟಿ ನಿಂತಿತು. ಸೀಟಿಯಿಲ್ಲದ ಗಂಡನ ಪಕ್ಕ ಮಲಗುವುದು ಏನು ಸುಖ ಎಂದು ನನ್ನನ್ನು ಕೇಳಬೇಕು.

ಆದರೆ ಆ ವೇಪು ಶುದ್ಧ ಮೊಂಡು. ಪರದೆಯಿಲ್ಲ, ದೀಪವಿಲ್ಲ, ಎಚ್ಚರಿಸುವುದಕ್ಕೆ ಒಳಗೆ ಏನೂ ಇಲ್ಲ. ಒಂದು ಕೊಳವೆ, ಅದರಲ್ಲಿ ಒಂದರ ಮೇಲೊಂದು ಎರಡು ಬ್ಯಾಟರಿ, ತಳದಲ್ಲೊಂದು ಗುಂಡಿ, ಅಷ್ಟೆ. ಅಂಗಡಿಯವನೇ ಬೇಡ ಎಂದಿದ್ದ. ನನ್ನ ಗಂಡ ಯಾರ ಮಾತು ಕೇಳಿದ್ದಾನೆ! ಫೆಬ್ರವರಿಯ ಒಂದು ಶನಿವಾರ ಹೆಪ್ಪುಗಟ್ಟಿದ ಕೆರೆಯ ಮೇಲಿನ ಮೀನು ಹಿಡಿಯುವ ಗುಡಿಸಲಿನಿಂದ ವೇಪು ಎಳೆಯುತ್ತಲೇ ಬಂದವನು ಅಡುಗೆಮನೆಯಲ್ಲಿ ಒಮ್ಮೆಲೇ ಹೌಹಾರಿ ಜೇಬಿನಿಂದ ವೇಪನ್ನು ಕಿತ್ತು ಸಿಂಕಿಗೆಸೆದ. ಮುಟ್ಟಿದರೆ ಒಲೆಯಿಂದ ಇಳಿಸಿದ ಪಾತ್ರೆಯಷ್ಟು ಬಿಸಿ.

"ಇವತ್ತು ಜೇಬು, ನಾಳೆ ಮುಖ. ನಾಳೆ ಸಂಜೆಯೊಳಗೆ ಇದರ ಹೊಟ್ಟೇಲಿ ಏನಾಗ್ತಿದೆ ಅಂತ ತೋರಿಸು, ಇಲ್ಲಾಂದ್ರೆ ಕೆರೆಗೆ ಹಾಕ್ತೀನಿ," ಎಂದೆ.

"ಹಾಕು. ಬರ್ತಾ ಒಂದು ಪ್ಯಾಕ್ ಸಿಗರೇಟು ತಂದ್ಕೊಡು," ಎಂದ.

ಬೆದರಿಕೆಯಲ್ಲ ಅದು, ಭಯ. ನನಗೂ ಅದೇ ಭಯ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮರುದಿನ ಚರ್ಚಿನಿಂದ ಬಂದವನೇ ಊಟದ ಮೇಜಿನ ಮೇಲೆ ಕಾರ್ಖಾನೆ ತೆರೆದ. ಎಂದೋ ತರಿಸಿಟ್ಟಿದ್ದ, ಅಳೆಯುವ ಬ್ಯಾಟರಿಯಿಂದಲೇ ಬೆಳಗುವ ಬೆರಳಗಲದ ವೋಲ್ಟ್ ಮೀಟರು, ಹಳೆಯ ಟಾರ್ಚಿನಿಂದ ಕಿತ್ತ, ಎರಡು ಬ್ಯಾಟರಿ ಕೂರುವ ತೊಟ್ಟಿಲು, ಸತ್ತುಹೋಗಿದ್ದ ನಮ್ಮ ಕರೆಗಂಟೆಯ ಗುಂಡಿ, ಕೆಂಪು ಕಪ್ಪು ತಂತಿ. ಇವೆಲ್ಲ ನನ್ನ ಪೆಪ್ಪರ್‌ಮಿಂಟ್ ಡಬ್ಬಿಯೊಳಗೆ. ಡಬ್ಬಿ ತಗಡಿನದು, ತಂತಿ ತಾಗಿದರೆ ಕೆಲಸ ಕೆಟ್ಟಿತು ಎಂದು ಒಳಗೆಲ್ಲ ಟೇಪು ಸುತ್ತಿದ. ಬೆಸುಗೆಯ ಹೊಗೆ ಓವನ್ನಿನಲ್ಲಿದ್ದ ನನ್ನ ಮಾಂಸ-ಆಲೂಗಡ್ಡೆಯ ಹಾಟ್‌ಡಿಶ್‌ನ ಪರಿಮಳವನ್ನು ನುಂಗಿಹಾಕಿತು. ಗೊಣಗಿದೆ, ಆದರೆ ದೀಪ ಹತ್ತಿರಕ್ಕೆ ಹಿಡಿದವಳೂ ನಾನೇ.

ಎರಡೂ ಬ್ಯಾಟರಿಗಳನ್ನು ತೊಟ್ಟಿಲಲ್ಲಿ ಸಾಲಾಗಿ ಕೂರಿಸಿ ಗುಂಡಿ ಒತ್ತಿದ. ಮುಚ್ಚಳದ ಕಿಂಡಿಯಲ್ಲಿ ಕೆಂಪು ಅಂಕಿ ಹೊಳೆಯಿತು: 6.3.

"ನೋಡಿದ್ಯಾ! ಅರ್ಧ ಮಾಡಿದ್ರೆ ಒಂದೊಂದಕ್ಕೂ ಮೂರರ ಮೇಲೆ. ಪಾಪ, ಸುಸ್ತಾಗಿವೆ. ಚಾರ್ಜಿಗೆ ಹಾಕಿದ್ರೆ ಸರಿ ಹೋಗುತ್ತೆ."

"ಅರ್ಧ ಮಾಡೋಕೆ ಅದೇನು ರೊಟ್ಟಿನಾ? ನಾವಿಬ್ರೂ ಒಟ್ಟಿಗೆ ತಕ್ಕಡಿ ಮೇಲೆ ನಿಂತ್ರೆ ನನ್ನ ತೂಕ ಎಷ್ಟು ಅಂತ ನಿಂಗೆ ಗೊತ್ತಾಗುತ್ತಾ?"

"ಅದನ್ನ ತಿಳ್ಕೊಳ್ಳೋ ಧೈರ್ಯ ನಂಗಿಲ್ಲ ಮಾರಾಯ್ತಿ."

"ಒಂದೊಂದೇ ಹಾಕು."

ತೊಟ್ಟಿಲಿನ ಖಾಲಿ ಜಾಗಕ್ಕೆ ತಂತಿ ಕೊಟ್ಟು ಒಂದೇ ಬ್ಯಾಟರಿ ಕೂರಿಸಿದ. 3.9. ಅದನ್ನು ತೆಗೆದು ಇನ್ನೊಂದನ್ನಿಟ್ಟ. ಕಿಂಡಿ ಕತ್ತಲು. ಗುಂಡಿಯನ್ನು ಒತ್ತಿದ, ತಿರುಗಿಸಿದ, ಕುಟ್ಟಿದ. ಬೆಸುಗೆ ಬಿಟ್ಟಿದೆ ಎಂದು ಡಬ್ಬಿ ಬಿಚ್ಚಿ ಮತ್ತೆ ಹಾಕಿದ. ಮತ್ತೆ ಕತ್ತಲು. ಅವನ ಕಿವಿ ಕೆಂಪಾಯಿತು. ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಎದ್ದು ಕೋಟು ತೊಟ್ಟ.

"ಎಲ್ಲಿಗೆ?"

"ಪೆಟ್ರೋಲ್ ಬಂಕಿಗೆ."

ನಮ್ಮ ಮೂಲೆಯ ಬಂಕಿನಲ್ಲಿ ಸಿಗರೇಟು ಮಾರುವುದು ಊರಿಗೇ ಗೊತ್ತು. ಇವನು ಹೊರಟದ್ದು ಲಾರಿಗೆ ಎಣ್ಣೆ ಹಾಕಿಸಲಂತೂ ಅಲ್ಲ, ಅದು ನಗರಸಭೆಯ ಲೆಕ್ಕ. ಮೊದಲಿನ ಬ್ಯಾಟರಿಯನ್ನೇ ತೆಗೆದುಕೊಂಡು ತೊಟ್ಟಿಲಿಗಿಟ್ಟು ಗುಂಡಿ ಒತ್ತಿದೆ. 3.9.

"ಆರಿನ್, ಇಲ್ಲಿ ಬಾ. ನಿನ್ನ ಡಬ್ಬಿ ಚೆನ್ನಾಗೇ ಇದೆ ಕಣೋ. ಆ ಬ್ಯಾಟರೀಲಿ ಈ ಮೀಟರಿಗೆ ಕಣ್ಣು ಬಿಡಿಸೋ ಅಷ್ಟೂ ಜೀವ ಇಲ್ಲ. ಕತ್ತಲೇ ಅದರ ಉತ್ತರ."

ಬಾಗಿಲಲ್ಲೇ ನಿಂತ. "ಆಗಲ್ಲ. ಎರಡೂ ಒಂದೇ ದಿನ ಕೊಂಡಿದ್ದು, ಒಟ್ಟಿಗೇ ಚಾರ್ಜ್ ಮಾಡಿದ್ದು. ಜೋಡಿ ಅವು."

ಇಂಥ ವೇಪಿನವರಲ್ಲಿ ಅದೊಂದು ವ್ರತ. ಒಟ್ಟಿಗೆ ಕೊಂಡ ಎರಡು ಬ್ಯಾಟರಿಗಳನ್ನು ಎಂದೂ ಅಗಲಿಸಬಾರದು. ಒಂದಕ್ಕೆ ಮುಪ್ಪು ಬಂದರೆ ಗಟ್ಟಿಯಿರುವುದು ಅದನ್ನು ಬರಿದಾದ ಮೇಲೂ ಹಿಂಡುತ್ತದೆ, ಮುದಿಯದು ಬೇಯತೊಡಗುತ್ತದೆ. ಗುರುತಿಗೆ ನನ್ನ ನೇಲ್ ಪಾಲಿಶಿನಿಂದ ತಲೆಗೊಂದು ಚುಕ್ಕೆ. ಮೇನ್ ಸ್ಟ್ರೀಟಿನಲ್ಲಿ ನನ್ನದು ಉಗುರಿನ ಅಂಗಡಿ. ಎರಡೂ ಬ್ಯಾಟರಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಎರಡಕ್ಕೂ ಕೆಂಪು ಚುಕ್ಕೆ ಇತ್ತು, ಆದರೆ ಒಂದರದ್ದು ಮಾತ್ರ ನನ್ನ ಚೆರಿ ಬಣ್ಣ. ಇನ್ನೊಂದು ಕಿತ್ತಳೆಗೆ ತಿರುಗಿದ ಅಗ್ಗದ ಮಾಲು. ಅಂಥದ್ದನ್ನು ನನ್ನ ಅಂಗಡಿಯ ಹೊಸ್ತಿಲು ದಾಟಿಸುವುದಿಲ್ಲ.

"ಇದು ನಂದಲ್ಲ. ಯಾರ ಬ್ಯಾಟರಿ ಹೊತ್ಕೊಂಡು ಬಂದೆ?"

ಅವನು ಬಾಗಿಲಿನಿಂದ ಬಂದು ಎರಡೂ ಚುಕ್ಕೆ ನೋಡಿದ. ಆಮೇಲೆ ನಿಧಾನವಾಗಿ, "ಕಾಲುಚೀಲ," ಎಂದ.

ಮೀನಿನ ಗುಡಿಸಲಿನಲ್ಲಿ ಅವನೂ ಗೆಳೆಯ ಆರ್ವಿಡ್ಡನೂ ಬ್ಯಾಟರಿಗಳಿಗೆ ಚಳಿ ಹಿಡಿಯದಿರಲೆಂದು ಅವನ್ನು ವೇಪುಗಳಿಂದ ತೆಗೆದು ಒಂದೇ ಉಣ್ಣೆಯ ಕಾಲುಚೀಲದಲ್ಲಿ ಹಾಕಿ ಹೀಟರಿನ ಹತ್ತಿರ ನೇತುಹಾಕಿದ್ದರು. ಹೊರಡುವಾಗ ಮಬ್ಬಿನಲ್ಲಿ ಕೆಂಪು ಚುಕ್ಕೆ ಕಂಡದ್ದನ್ನು ಎತ್ತಿಕೊಂಡಿದ್ದರು. ಮೂರು ಚಳಿಗಾಲ ಕಂಡ ಆರ್ವಿಡ್ಡನ ಮುದಿ ಬ್ಯಾಟರಿ ನನ್ನ ಗಂಡನ ಜೇಬಿಗೆ ಬಂದು ಕೂತಿತ್ತು. ಚಾರ್ಜಿಗೆ ಹಾಕಿದ್ದರೆ ಏನಾಗುತ್ತಿತ್ತೋ, ನಾನು ಯೋಚಿಸುವುದಿಲ್ಲ.

ಫೋನು ಮಾಡಿದ ಸ್ವಲ್ಪ ಹೊತ್ತಿಗೆ ಆರ್ವಿಡ್ ಬೂಟಿನ ಹಿಮ ಕೊಡವುತ್ತ ಒಳಬಂದ. "ನಂದೂ ಮೂರು ಎಳೆತಕ್ಕೇ ಮಲಗ್ತು ಮಾರ್ಲಿಸ್. ಮುಟ್ಟಿದ್ರೆ ಬಿಸಿ. ಕೆಟ್ಟೋಯ್ತು ಅಂದ್ಕೊಂಡೆ," ಎಂದು ನನಗೆ ಹೇಳುತ್ತ ಕೋಟಿನ ಜೇಬುಗಳನ್ನು ಮೇಜಿನ ಮೇಲೆ ಖಾಲಿ ಮಾಡಿದ. ವೇಪು ಬಂತು, ಕೈಗವಸು ಬಂತು, ಅದರ ಹಿಂದೆ ಸಿಗರೇಟಿನ ಪ್ಯಾಕು. ಸುತ್ತಿದ ಕಾಗದ ಇನ್ನೂ ಬಿಚ್ಚಿರಲಿಲ್ಲ.

"ಬರ್ತಾ ಬಂಕಲ್ಲಿ ತಗೊಂಡೆ," ಎಂದ, ನನ್ನ ಮುಖ ನೋಡದೆ.

ಆರಿನ್‌ನ ಕಣ್ಣು ಆ ಪ್ಯಾಕಿನ ಮೇಲೆ ನಿಂತುಬಿಟ್ಟಿತ್ತು. ಬೈಯಬೇಕೆಂದು ನಾಲಗೆ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಇಂಥ ಹೊತ್ತಿನಲ್ಲಿ ಬೈದರೆ ಗಂಡಸರು ಎದುರಾಳಿಯ ಕಡೆಗೇ ಸೇರಿಬಿಡುತ್ತಾರೆ.

ಆರಿನ್ ಕೈ ಚಾಚಿದ. ಆ ಕೈ ಪ್ಯಾಕನ್ನು ದಾಟಿ ಆರ್ವಿಡ್ಡನ ವೇಪನ್ನೆತ್ತಿತು. ಒಳಗಿನ ಎರಡೂ ಬ್ಯಾಟರಿಗಳನ್ನು ಹೊರಗುರುಳಿಸಿ, ಚೆರಿ ಬಣ್ಣದ್ದನ್ನು ತೊಟ್ಟಿಲಿಗಿಟ್ಟು ಗುಂಡಿ ಒತ್ತಿದ. 3.8.

"ಮನೆಗೆ ಬಂತು," ಎಂದ. ಆಮೇಲೆ ಗೆಳೆಯನಿಗೆ, "ನಿನ್ನ ಮುದುಕರಿಬ್ರನ್ನೂ ಹಾರ್ಡ್‌ವೇರ್ ಅಂಗಡಿಯ ಹಳೇ ಬ್ಯಾಟರಿ ಪೆಟ್ಟಿಗೆಗೆ ಹಾಕು. ನನ್ನ ಹತ್ರ ಇನ್ನೂ ಬಿಚ್ಚದ ಒಂದು ಜೋಡಿ ಇದೆ, ತಗೊಂಡ್ಹೋಗು. ಹಸಿರು ಚುಕ್ಕೆ ಇಡಿಸ್ಕೊ. ಇವಳ ಹತ್ರಾನೇ."

"ಹಸಿರಾ? ನಾನೇನು ಕಪ್ಪೆನಾ?"

"ಎಲ್ಲಾ ಕೆಂಪೂ ಒಂದೇ ಅಂದ್ಕೊಳ್ಳೋ ಕಣ್ಣಿಗೆ ಹಸಿರೇ ಗತಿ," ಎಂದೆ ನಾನು.

ಆರ್ವಿಡ್ ನಕ್ಕ. ನಗುತ್ತಲೇ ಪ್ಯಾಕನ್ನು ನನ್ನ ಕಡೆ ತಳ್ಳಿದ. ಹಾಟ್‌ಡಿಶ್ ತಟ್ಟೆ ನೆನೆಹಾಕಿದ್ದ ಸಾಬೂನು ನೀರಿಗೆ ಅದನ್ನು ಒಡೆದು ಸುರಿದೆ. ಕದಡಿದೆ ಕೂಡ.

ನಮ್ಮ ಕಡೆಯ ಗಂಡಸರು ಥ್ಯಾಂಕ್ಸ್ ಎನ್ನುವುದು ಶವಸಂಸ್ಕಾರದ ಊಟಕ್ಕೆ ಮಾತ್ರ. ಆರ್ವಿಡ್ ಹೋದ ಮೇಲೆ ಆರಿನ್ ನನ್ನ ಪಕ್ಕ ನಿಂತು ತಟ್ಟೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸುತ್ತ, "ಬಂಕಿಗೆ ಹೋಗ್ಬಿಡ್ತಿದ್ದೆ ಕಣೇ," ಎಂದ. "ಥ್ಯಾಂಕ್ಸ್."

ನಾನು ಬೇರೆ ಕಡೆ ನೋಡಿ ಗ್ಲಾಸು ತೊಳೆದೆ. ಅಳು ಬಂದಿತ್ತು, ಅದನ್ನು ತೋರಿಸಿಕೊಳ್ಳುವ ಜನ ನಾವಲ್ಲ.

ಈಗ ಅವನು ಪ್ರತಿದಿನ ಕೆಲಸಕ್ಕೆ ಹೊರಡುವ ಮೊದಲು ಅಡುಗೆಮನೆಯಲ್ಲಿ ಆ ಕರೆಗಂಟೆಯ ಗುಂಡಿಯನ್ನು ಒತ್ತುತ್ತಾನೆ, ಒಂದೊಂದು ಬ್ಯಾಟರಿಗೂ ಬೇರೆ ಬೇರೆಯಾಗಿ. ಭಾನುವಾರ ಊಟವಾದ ಮೇಲೆ ಸೋಫಾದ ಮೇಲೆ ಬಾಯಿ ತೆರೆದು ಮಲಗುತ್ತಾನೆ. ನಾನು ಹೆಣಿಗೆ ನಿಲ್ಲಿಸಿ ಅವನ ಎದೆಯ ಹತ್ತಿರ ಬಗ್ಗಿ ಕೇಳುತ್ತೇನೆ. ಸೀಟಿಯಿಲ್ಲ. ದೇವರಿಗೊಂದು, ಡಬ್ಬಿಗೊಂದು ಥ್ಯಾಂಕ್ಸ್ ಹೇಳಿ ಮತ್ತೆ ಸೂಜಿ ಎತ್ತಿಕೊಳ್ಳುತ್ತೇನೆ.