ಕಾಲುದಾರಿಯ ತಲೆ ಎಣಿಕೆ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಗುಂಡ್ಲುಪೇಟೆಯ ಚಿಕ್ಕನಿಂಗಮ್ಮ; ಎರಡು ಸಾವಿರದ ಇಪ್ಪತ್ತಮೂರರ ಕಾರ್ತಿಕದ ಒಂದು ಸಂಜೆ, ತಮ್ಮ ಮನೆಯ ಜಗಲಿಯ ಮೇಲೆ, ಅವರೆಕಾಯಿ ಸುಲಿಯುತ್ತ. ಸುತ್ತ ಬೀದಿಯ ಏಳೆಂಟು ಹೆಂಗಸರು ಕುಳಿತಿದ್ದರು. ಅನಂತರ ಹತ್ತಿರದ ಊರಾದ ಭೀಮನಬೀಡಿನಲ್ಲಿಯೂ ಇದನ್ನು ಕೇಳಿದೆ. ಅಲ್ಲಿ ಎಣಿಕೆಯ ಸಂಖ್ಯೆ ಇನ್ನಷ್ಟು ಹಿಗ್ಗಿತ್ತು. ಇಲ್ಲಿ ಚಿಕ್ಕನಿಂಗಮ್ಮನವರ ಪಾಠವನ್ನೇ ಇಟ್ಟುಕೊಂಡಿದ್ದೇನೆ.

ಅದೇ ಬೀದಿಯಲ್ಲಿ ಸೊಪ್ಪು ಮಾರುವ ದೊಡ್ಡಮಾದಮ್ಮ ಎಂಬ ಮುದುಕಿ. ಬೀದಿಯ ಹಿಂದಿನಿಂದ ಹೊಲಗಳಿಗೆ ಒಂದು ಕಾಲುದಾರಿ. ಆಕೆಯ ಸೊಪ್ಪಿನ ಮಡಿಗಳಿಗೆ ಅದರಲ್ಲಿ ನಾನೂರು ಹೆಜ್ಜೆ. ನಡುವೆ ಹೊಸ ಬಡಾವಣೆಯೊಂದು ಎದ್ದಿತು. ಅದರ ನಕ್ಷೆಯಲ್ಲಿ ಉದ್ಯಾನವಿತ್ತು, ಉದ್ಯಾನದ ಸುತ್ತ ನಡಿಗೆಪಥವಿತ್ತು, ‘ನಡೆಯಿರಿ, ಆರೋಗ್ಯವಾಗಿರಿ’ ಎಂಬ ಫಲಕಕ್ಕೂ ಜಾಗವಿತ್ತು. ಜನ ನಿಜವಾಗಿ ನಡೆಯುವ ದಾರಿ ಮಾತ್ರ ಇರಲಿಲ್ಲ. ಅದಿದ್ದ ಕಡೆ ಕಾಂಪೌಂಡ್ ಗೋಡೆ ಬರಬೇಕಾಗಿತ್ತು. ಗೋಡೆ ಎದ್ದರೆ ಊಟಿ ರಸ್ತೆಯ ಲಾರಿಗಳ ಪಕ್ಕದಲ್ಲಿ ಎರಡು ಕಿಲೋಮೀಟರು ಬಳಸಬೇಕು. ದೊಡ್ಡಮಾದಮ್ಮನ ಎಡಮೊಣಕಾಲು ನಾನೂರು ಹೆಜ್ಜೆಗೆ ಒಪ್ಪುತ್ತಿತ್ತು, ಅದಕ್ಕಿಂತ ಹೆಚ್ಚಿಗೆ ಒಪ್ಪುತ್ತಿರಲಿಲ್ಲ. ದಾರಿ ಹೋದರೆ ಕಸುಬೂ ಹೋದಂತೆ.

ಜನರ ನಡಿಗೆಯನ್ನು ಪ್ರೋತ್ಸಾಹಿಸಲು ಆಗ ಹೊಸ ನೀತಿಯೊಂದು ಬಂದಿತ್ತಂತೆ: ದಿನಕ್ಕೆ ನೂರು ಮಂದಿ ನಡೆಯುವ ದಾರಿಯನ್ನು ಮುಚ್ಚಕೂಡದು. ನಕ್ಷೆ ಮಾಡಿದ ಸಂಸ್ಥೆಯವರು ತಲೆ ಎಣಿಸಲು ಸೋಮೇಶ್ ಎಂಬ ಎಂಜಿನಿಯರನನ್ನು ಕಳಿಸಿದರು. ಚಾಮರಾಜನಗರದವನು, ಪ್ರಾಮಾಣಿಕ. ಬೇವಿನ ಮರದಡಿ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಎಣಿಸಿದ. ಒಂಬತ್ತು ಮಂದಿ.

ಅದು ಸೋಮವಾರ. ಮಲೆ ಮಾದಪ್ಪನ ವಾರವೆಂದು ಆ ಬೀದಿಯವರು ಅಂದು ಆರು ಕಟ್ಟುವುದಿಲ್ಲ, ಎಂದರೆ ಎತ್ತಿಗೆ ನೊಗ ಹೂಡುವುದಿಲ್ಲ, ಹೊಲದ ಕಡೆ ಸುಳಿಯುವುದೂ ಇಲ್ಲ.

ಗೋಡೆಗೆ ಸುಣ್ಣದ ಗೆರೆ ಬಿದ್ದ ಮೇಲೆ ಬೀದಿಗೆ ಸುದ್ದಿ ತಿಳಿಯಿತು. ದೊಡ್ಡಮಾದಮ್ಮ ಸೋಮೇಶನನ್ನು ಅಡ್ಡಗಟ್ಟಿದಳು.

“ಅಲ್ಲ ಸಾ, ಸೋಮ್ವಾರ ಬಂದು ಒಲದ ದಾರೀಲಿ ಜನ ಎಣ್ಸುದ್ರಲ್ಲ, ನಿಮ್ಮ ತಾತ ಸೋಮ್ವಾರ ಆರು ಕಟ್ತಿದ್ರಾ?”

“ಇಲ್ಲ ಕಣವ್ವ. ಆದ್ರೆ ಫಾರಮ್ಮಲ್ಲಿ ‘ಕೆಲಸದ ದಿನ’ ಅಂತಿತ್ತು. ಸೋಮವಾರ ಕೆಲಸದ ದಿನ ತಾನೆ?”

“ಯಾರ್ಗ?”

ಸೋಮೇಶ್ ತಲೆ ಕೆರೆದುಕೊಂಡ. “ಗುರುವಾರ ಇನ್ನೊಂದು ಸಲ ಎಣಿಸ್ತೀನಿ. ನೂರು ಜನ ಸಾಕು.”

ದಿನವೂ ನಡೆಯುವವರೇ ನೂರೈವತ್ತು ಮಂದಿಯಿದ್ದರು, ಸುಮ್ಮನಿದ್ದರೆ ಸಾಕಾಗಿತ್ತು. ಆದರೆ ದೊಡ್ಡಮಾದಮ್ಮನಿಗೆ ಎಣಿಸುವವರ ಮೇಲೆ ನಂಬಿಕೆ ಹೋಗಿತ್ತು. ಆ ಸೀಮೆಯಲ್ಲಿ ಒಬ್ಬರು ಮತ್ತೊಬ್ಬರ ಹೊಲದಲ್ಲಿ ಒಂದು ದಿನ ದುಡಿದರೆ ಅವರೂ ಮರಳಿ ಬಂದು ಒಂದು ದಿನ ದುಡಿಯಬೇಕು. ಅದಕ್ಕೆ ಮುಯ್ಯಾಳು ಎನ್ನುತ್ತಾರೆ. ಆಕೆ ನಲವತ್ತು ವರ್ಷ ಎಲ್ಲರ ಹೊಲದ ಕಳೆ ಕಿತ್ತವಳು. ಮನೆಮನೆಗೆ ಹೋಗಿ, “ಈ ಸತಿ ನನ್ ಮುಯ್ಯಿಗೆ ಕಳೆ ಕೀಳದು ಬ್ಯಾಡ ಕಣ್ರವ್ವ, ಬಂದು ನಡೀರಿ ಸಾಕು” ಎಂದಳು.

“ಎಷ್ಟ್ ಸತಿ ಓಗಿ ಬರ್ಲಿ ದೊಡ್ಡವ್ವಾ?” ಎಂದು ಪಕ್ಕದ ಮನೆಯ ಮಹಾಲಿಂಗ ಕೆಣಕಿದ.

“ನಿಮ್ಮವ್ವಂಗೆ ಎಷ್ಟು ದಿನ ಕಳೆ ಕಿತ್ತಿವ್ನಿ ಅಂತ ಕೇಳ್ಕಂಡು ಬಾ ಓಗ್ಲಾ, ಅಷ್ಟು ಸತಿ!”

ಗುರುವಾರ ಭೀಮನಬೀಡಿನ ನೆಂಟರು ನಡೆಯುವುದಕ್ಕೆಂದೇ ಟೆಂಪೋ ಮಾಡಿಕೊಂಡು ಬಂದರು. ಹೋದವರೇ ಬಂದರು, ಬಂದವರೇ ಹೋದರು. ಹಾದ ತಲೆಗೊಂದು ಗೆರೆ ಎಂದಷ್ಟೇ ಫಾರಮ್ಮಿನಲ್ಲಿದ್ದುದರಿಂದ ಸೋಮೇಶ್ ಎಣಿಸಿದ್ದು ಸಾವಿರದ ನೂರ ನಲವತ್ತಾರು.

ಒಂದೂವರೆ ತಿಂಗಳಿಗೆ ಜೆಸಿಬಿ ಬಂತು, ಆದರೆ ಗೋಡೆಗಲ್ಲ. ಸಾವಿರ ಮೀರಿದ ದಾರಿಯನ್ನು ಮೂವತ್ತು ಅಡಿ ರಸ್ತೆ ಮಾಡಬೇಕೆಂದು ಅದೇ ನೀತಿಯ ಮುಂದಿನ ಪುಟ ಹೇಳುತ್ತಿತ್ತು. ಟಾರು ಬಿದ್ದ ವಾರವೇ ಅದು ಟಿಪ್ಪರುಗಳಿಗೆ ಅಡ್ಡದಾರಿಯಾಯಿತು. ಅಂಚಿನಲ್ಲಿ ಗೇಣು ಜಾಗವೂ ಉಳಿಯಲಿಲ್ಲ. ಮೂರನೆಯ ದಿನ ದೊಡ್ಡಮಾದಮ್ಮ ಹಾರನ್ನಿಗೆ ಬೆದರಿ, ಬುಟ್ಟಿಸಮೇತ ಚರಂಡಿಗೆ ಇಳಿದಳು. ಮೊಣಕಾಲು ಉಳುಕಿತು.

“ನಡ್ಯಾಕ ದಾರಿ ಕೇಳುದ್ರ ಟಿಪ್ಪರ್‌ಗ ಕೊಟ್ಬುಟ್ರಲ್ಲ ಸಾ!” ಎಂದಳು, ನೋಡಲು ಬಂದ ಸೋಮೇಶನಿಗೆ.

“ನೂರು ಸಾಕು ಅಂತ ಬಾಯಿಬಿಟ್ಟು ಹೇಳಿದ್ನಲ್ಲವ್ವ!”

“ಓಗ್ಲಿ, ಪಕ್ಕದಲ್ಲಿ ಒಂದು ಫುಟ್‌ಪಾತಾದ್ರೂ ಮಾಡ್ಸಿ.”

“ಅದಕ್ಕೆ ಈ ರಸ್ತೇಲಿ ಎಷ್ಟು ಜನ ನಡೀತಾರೆ ಅಂತ ಎಣಿಸ್ಬೇಕು.”

“ಇದ್ರಲ್ಲಿ ಯಾರ್ ಸಾ ನಡ್ದಾರು?”

“ಯಾರೂ ನಡೀದಿದ್ರೆ ಫುಟ್‌ಪಾತ್ ಬರಲ್ಲ ಕಣವ್ವ.”

ಇಷ್ಟು ಹೇಳಿ ಚಿಕ್ಕನಿಂಗಮ್ಮ ಸಿಪ್ಪೆ ಒಟ್ಟುಮಾಡತೊಡಗಿದರು. ಹೊಸದಾಗಿ ಬೀದಿಗೆ ಬಂದಿದ್ದ ಬಸವಮ್ಮ, “ಆಮೇಲೆ?” ಎಂದಳು.

“ಆಮೇಲೇನು, ಸೊಪ್ಪಿನ ಮಡಿಗಳ್ನ ತಂಗಿ ಮಗ್ಳು ಭವ್ಯಂಗೆ ಬುಟ್ಕೊಟ್ಲು. ಸೊಪ್ಪು ಈಗ ಸ್ಕೂಟರ್ ಮೇಲೆ ಬತ್ತದೆ. ದೊಡ್ಡವ್ವ ಮನೇಲಿ ಕುಂತವ್ಳೆ.”

“ನೀನೆಷ್ಟು ಸತಿ ನಡ್ದಿದ್ದೆ ಕಣಕ್ಕ, ಆವತ್ತು?”

“ಅನ್ನೊಂದು.”

“ನಾನು ಅದ್ನಾರು” ಎಂದು ಮೂಲೆಯಿಂದ ರಾಚಮ್ಮ ಗೊಣಗಿದಳು. ಮಿಕ್ಕವರು ಮಡಿಲ ಸಿಪ್ಪೆ ಕೊಡವಿ ಒಬ್ಬೊಬ್ಬರೇ ಎದ್ದರು; ಬೈಕುಗಳಿಗೆ ದಾರಿ ಬಿಟ್ಟು, ಸೆರಗು ಬಿಗಿಹಿಡಿದು, ಬೀದಿಯ ಮನೆಗೋಡೆಗಳ ಅಂಚಿಗೆ ಸಾಲಾಗಿ ಹೊರಟರು.