ಹೇಸಿಗೆ ಹೊತ್ತ ನೀಲಿ ಡ್ರಮ್ಮು

ನಾನು ಒಂದು ನೀಲಿ ಪ್ಲಾಸ್ಟಿಕ್ ಡ್ರಮ್ಮು. ಕಾರ್ಖಾನೆಯ ಬಿಸಿ ಅಚ್ಚಿನಿಂದ ಹೊರಬಿದ್ದ ವಾರಕ್ಕೇ ರಾಣೆಬೆನ್ನೂರಿನ ಕಲ್ಯಾಣ ಮಂಟಪವೊಂದನ್ನು ಸೇರಿದೆ. ಒಳಗೆ ಕುಡಿಯುವ ನೀರು, ಬಾಯಿಗೆ ಬಿಳಿ ಬಟ್ಟೆ. ಆರು ವರ್ಷಕ್ಕೆ ಮುಚ್ಚಳ ಒಡೆಯಿತು. ಗುಜರಿಯವನ ಕೈ ದಾಟಿ, ಹಾವೇರಿ ಕಡೆಯ ಹಳ್ಳಿಯಲ್ಲಿ ನೀಲಗಂಗವ್ವನ ಹಿತ್ತಿಲಿಗೆ ಬಂದೆ.

ಬಂದ ದಿನವೇ ವಾಕರಿಕೆ. ನಾಲ್ಕು ಎಮ್ಮೆಗಳ ಸಗಣಿ, ಗಂಜಲ, ಕೊಳೆತ ಗೋವಿನಜೋಳದ ದಂಟು ಸೇರಿ ಎದೆಯೆತ್ತರದ ತಿಪ್ಪೆ. ಕೆದಕಿದಲ್ಲೆಲ್ಲ ಮಿಜಿಗುಡುವ ಬಿಳಿ ಹುಳು. ಗೋಡೆಯಾಚೆ ನಿವೃತ್ತ ಕಂಪೌಂಡರ್ ಫಕ್ಕೀರಪ್ಪನವರ ಮನೆ.

"ಉಣ್ಣಾಕ ಕುಂತ್ರ ತಾಟಿನ್ಯಾಗ ನೊಣ! ತಿಪ್ಪಿ ತಗಿ, ಇಲ್ಲಾ ಎಮ್ಮಿ ಮಾರು!" ಎಂದು ಅವರು ದಿನವೂ ಕೂಗುತ್ತಿದ್ದರು.

ಕಡೆಗೆ ಊರ ಹಿರಿಯರು ಕೂಡಿದರು. ಎರಡು ತಿಂಗಳಲ್ಲಿ ನಾತ ನಿಲ್ಲಬೇಕು, ಇಲ್ಲವೇ ಎಮ್ಮೆಗಳು ಹೋಗಬೇಕು ಎಂದರು. ಗಂಡ ತೀರಿಕೊಂಡ ಮೇಲೆ ನೀಲಗಂಗವ್ವನ ಒಲೆ ಉರಿಯುತ್ತಿದ್ದುದೇ ಆ ಹಾಲಿನಿಂದ.

ಅವಳು ಕೃಷಿ ತರಬೇತಿಗೆ ಹೋಗಿ ಎರಡು ಬಾಟಲಿ ಜೀವಾಣು ದ್ರಾವಣ ತಂದಳು. ಅದರಲ್ಲಿರುವುದು ಕಸವನ್ನು ತಿಂದು ಗೊಬ್ಬರ ಮಾಡುವ ಸೂಕ್ಷ್ಮ ಜೀವಿಗಳಂತೆ. ಒಂದು ಬಾಟಲಿಯನ್ನು ಬೆಲ್ಲದ ನೀರಿನೊಂದಿಗೆ ನನ್ನೊಳಗೆ ಸುರಿದಳು. ಮೂರನೆಯ ದಿನಕ್ಕೆ ಗುಳ್ಳೆಯೆದ್ದು, ಮೇಲೆ ಲೋಳೆಯಂಥ ಕೆನೆ ಕಟ್ಟಿತು. ಹಳಸಿದ ಅಂಬಲಿಯ ಹುಳಿವಾಸನೆ. ಮದುವೆಮನೆಯ ನೀರು ಹೊತ್ತ ಮೈಗೆ ಇಂಥ ಗತಿಯೇ!

ಮರುದಿನ ಮಧ್ಯಾಹ್ನ ಅವಳು ಹೊಲಕ್ಕೆ ಹೋಗಿದ್ದಾಗ ಫಕ್ಕೀರಪ್ಪನವರು ಬಂದು, ನನ್ನೊಳಗೆ ಎರಡು ಸೀಸೆ ಫಿನಾಯಿಲ್ ಸುರಿದು ಹೋದರು. ಸಂಜೆ ಅವಳು ಬಂದು ನೋಡಿದರೆ ನನ್ನೊಳಗಿನ ನೀರು ಬೆಳ್ಳಗೆ, ಗುಳ್ಳೆಯಿಲ್ಲದೆ, ಸತ್ತಂತೆ ನಿಂತಿತ್ತು. ಆ ವಾಸನೆ ಲೋಳೆಗಿಂತ ಹೇಸಿಗೆಯಾಗಿತ್ತು.

ಅವಳು ಕೇಳಿದಾಗ ಫಕ್ಕೀರಪ್ಪನವರು ಮುಚ್ಚಿಡಲಿಲ್ಲ. "ಹೌದವಾ, ನಾನ ಹಾಕೀನಿ. ನಾತ ಸಾಯ್ಲಿ ಅಂತ."

"ನಾತ ಕೊಲ್ಲಾಕ ಹೋಗಿ, ನಾತ ತಿನ್ನೂವನ್ನ ಕೊಂದ್ರಿ ಅಣ್ಣಾರ," ಎಂದಳು ನೀಲಗಂಗವ್ವ. ಒಳಗಿನಿಂದ ಉಳಿದ ಬಾಟಲಿ ತಂದು ಅವರ ಕೈಗಿಟ್ಟಳು. "ಇನ್ನೊಂದ ಬಾಟ್ಲಿ ಐತಿ. ಈ ಸಲ ನೀವ ಸಾಕ್ರಿ."

ಕೊಂದಿರಿ ಎಂಬ ಮಾತು ಚುಚ್ಚಿರಬೇಕು, ಅವರು ಒಪ್ಪಿದರು. ನನ್ನನ್ನು ಏಳು ಸಲ ತೊಳೆದರು. ಎರಡನೆಯ ಬಾಟಲಿ, ಬೆಲ್ಲದ ನೀರು ಸುರಿದು ದಿನಾ ಕೋಲು ಹಿಡಿದು ತಿರುವಿದರು. ಒಮ್ಮೆ ತಡೆಯಲಾರದೆ ನನ್ನ ಪಕ್ಕದಲ್ಲೇ ಕಾರಿಕೊಂಡರು. ಅವಳು ಸಗಣಿ, ದಂಟನ್ನು ಪದರ ಪದರವಾಗಿ ಒಟ್ಟಿ ಆ ನೀರು ಚಿಮುಕಿಸಿದಳು. ತಿಪ್ಪೆ ಹಬೆಯಾಡಿತು. ವಾರಕ್ಕೊಮ್ಮೆ ಇಬ್ಬರೂ ಮಗುಚಿ ಹಾಕಿದರು.

ಗಡುವಿನ ದಿನ ಹಿರಿಯರು ಹೆಗಲ ಮೇಲಿನ ವಲ್ಲಿಯನ್ನು ಮೂಗಿಗೆ ಹಿಡಿದೇ ಬಂದರು. ಫಕ್ಕೀರಪ್ಪನವರು ತಿಪ್ಪೆಗೆ ಕೈಹಾಕಿ, ಪುಡಿಪುಡಿಯಾದ ಕಪ್ಪು ಗೊಬ್ಬರವನ್ನು ಹಿರಿಯರ ಮುಖದ ಹತ್ತಿರ ಹಿಡಿದರು. ಹದವಾದ ಹೊಲದ ವಾಸನೆ. ವಲ್ಲಿಗಳು ಒಂದೊಂದಾಗಿ ಕೆಳಗಿಳಿದವು. ಎಮ್ಮೆಗಳು ಉಳಿದವು.

ಒಂಬತ್ತು ವರ್ಷ ಕಳೆದಿವೆ. ಬಿಸಿಲಿಗೆ ನನ್ನ ಮೈ ಬಿರಿದಿದೆ, ಗೋಡೆಯ ಮೂಲೆಗೆ ಒರಗಿದ್ದೇನೆ. ಸುಳ್ಳೇಕೆ, ಆ ಲೋಳೆಗೆ ಇಂದಿಗೂ ಹೇಸುತ್ತೇನೆ. ಅಭ್ಯಾಸವಾಗುತ್ತದೆ ಎನ್ನುವವರು ಅದನ್ನು ಹೊತ್ತವರಲ್ಲ.

ನಿನ್ನೆ ಹೊಸ ಡ್ರಮ್ಮು ಬಂತು. ಅದಕ್ಕೆ ಹೆಪ್ಪು ಹಾಕಲು ನನ್ನ ತಳದ ಲೋಳೆ ಬೇಕಂತೆ. ಮುದುಕ ಫಕ್ಕೀರಪ್ಪನವರು ಬಗ್ಗಿ, ತೋಳನ್ನು ಹೆಗಲವರೆಗೆ ಒಳಗಿಳಿಸಿ ಕೆರೆಯತೊಡಗಿದರು. ಅವರಿಗೆ ಓಕರಿಕೆ ಬಂತು. ನನಗೂ. ಆದರೂ ಅವರು ಕೈ ತೆಗೆಯಲಿಲ್ಲ.