‘ಬರುತ್ತೇನೆ’ ಎಂಬ ನೀಲಿ ಬಟನ್ನು

ರೇಡಿಯೊ ಡಾಕ್ಟರು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಸತ್ತು ಮೂವತ್ತು ವರ್ಷವಾದ ರೇಡಿಯೊ ಕೂಡ ಧಡಕ್ಕನೆ ಎದ್ದು ಕೂತು ವಾರ್ತೆ ಓದುತ್ತಿತ್ತು. ಅದೂ ನಾಳೆಯ ವಾರ್ತೆ. ನಂಬದವರು ಆ ಬೀದಿಯಲ್ಲೇ ವಿಚಾರಿಸಬಹುದು. ಬೀದಿಯವರು ನಗುತ್ತಾರೆ, ಆದರೆ ಇಲ್ಲವೆಂದು ಮಾತ್ರ ಯಾರೂ ಹೇಳುವುದಿಲ್ಲ.

ಡಾಕ್ಟರೆಂದರೆ ನಾಡಿ ಹಿಡಿಯುವವರಲ್ಲ, ತಂತಿ ಹಿಡಿಯುವವರು. ಅಂಗಡಿ ಎಷ್ಟು ಇಕ್ಕಟ್ಟೆಂದರೆ ಒಳಗೆ ಬಂದ ನೊಣ ತಿರುಗಲು ಜಾಗವಿಲ್ಲದೆ ಹಿಮ್ಮುಖವಾಗಿಯೇ ಹಾರಿ ಹೊರಬೀಳಬೇಕು. ನೆಲದಿಂದ ಸೂರಿನವರೆಗೆ ರೇಡಿಯೊಗಳು. ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಒಲೆ, ಒಂದೇ ಒಂದು ಲೋಟ. ಮದುವೆ ಯಾಕಾಗಲಿಲ್ಲವೆಂದು ಕೇಳಿದರೆ, "ಹೆಣ್ಣುಗಳ ಸಾಲು ಬೀದಿ ದಾಟಿ ನಿಂತಿತ್ತು. ಸಾಲು ಮುಂದೆ ಸರಿಯೋ ಹೊತ್ತಿಗೆ ನನಗೇ ವಯಸ್ಸಾಯ್ತು" ಎನ್ನುತ್ತಿದ್ದರು.

ಅವರ ವೃತ್ತಿಗೆ ಒಂದೇ ಶಾಸ್ತ್ರ: ತಮ್ಮ ಮೇಜಿನ ಮೇಲೆ ಹಾಡಿದರೆ ರೇಡಿಯೊ ಗುಣವಾಯಿತು. ಒಯ್ದ ಗಿರಾಕಿ ಮರುದಿನ ಮೋರೆ ಊದಿಸಿಕೊಂಡು ಬಂದರೆ, ಮತ್ತೆ ಮೇಜಿನ ಮೇಲಿಟ್ಟು ಹಾಡಿಸಿ ತೋರಿಸುವರು. "ಇಲ್ಲಿ ಹಾಡ್ತಿದೆಯಲ್ಲ ಸ್ವಾಮಿ? ದೋಷ ನಿಮ್ಮನೇಲಿದೆ." ಗಿರಾಕಿ ತನ್ನ ಮನೆಯನ್ನೇ ಬೈದುಕೊಂಡು ಹೋಗುತ್ತಿದ್ದ.

ಈಗ ಕಣ್ಣು ಕೈಕೊಟ್ಟಿತ್ತು. ಬೆಸುಗೆ ಹಾಕಲು ಹೋದರೆ ತಂತಿ ಎರಡೆರಡಾಗಿ ಕಾಣುತ್ತಿತ್ತು. ರಿಪೇರಿ ನಿಂತಿತು, ಬಾಗಿಲ ಬಳಿ ಚಪ್ಪಲಿಯ ಸದ್ದೂ ನಿಂತಿತು. ಶನಿವಾರ ಸಂಜೆ ಬೀಗದ ಕೈ ಒಪ್ಪಿಸುವುದಾಗಿ ಕಟ್ಟಡದ ಯಜಮಾನರಿಗೆ ಮಾತು ಕೊಟ್ಟಾಗಿತ್ತು. ಆಮೇಲೆ ಒಂದು ಆಸೆ ಹುಟ್ಟಿತು: ಹಳೆಯ ಗಿರಾಕಿಗಳೆಲ್ಲ ಪ್ರತಿ ಭಾನುವಾರ ಸಂಜೆ ಬಂದು ಕೂತು ರೇಡಿಯೊ ಕೇಳಿದರೆ? ಹತ್ತು ಮಂದಿ ಬರುತ್ತೇನೆಂದರೂ ಸಾಕು, ಯಜಮಾನರ ಕಾಲು ಹಿಡಿದಾದರೂ ಅಂಗಡಿ ಉಳಿಸಿಕೊಳ್ಳುವುದು. ಯಾರಿಗೂ ಬೇಡವಾದರೆ ತೆಪ್ಪಗೆ ಬಿಟ್ಟುಹೋಗುವುದು.

ಸರಿ, ಇಮೇಲ್ ತಯಾರಾಯಿತು. ಸುಮ್ಮನೆ ಅಕ್ಷರದ ಇಮೇಲ್ ಅಲ್ಲ, ದೊಡ್ಡ ಕಂಪನಿಗಳು ಕಳಿಸುವಂಥ ಬಣ್ಣಬಣ್ಣದ್ದು. ಪರದೆಯ ಅಕ್ಷರಗಳನ್ನು ಹಿಗ್ಗಿಸಿಕೊಂಡು, ಹಗಲೆಲ್ಲ ಕೂತು ಅದರ ಕೋಡನ್ನು ಅವರೇ ಬರೆದರು. ಮೇಲೆ ರೇಡಿಯೊ ಚಿತ್ರ, ಕೆಳಗೆ ‘ಬರುತ್ತೇನೆ’ ಎಂಬ ನೀಲಿ ಬಟನ್ನು. ಒತ್ತಿದರೆ ಹೆಸರು ಬರೆಯುವ ಪುಟ ತೆರೆಯಬೇಕು. ತಮ್ಮ ಕಂಪ್ಯೂಟರಿನಲ್ಲಿ ಒತ್ತಿ ನೋಡಿದರು, ಬೆಣ್ಣೆಯಿಂದ ಕೂದಲು ಎಳೆದಂತೆ ಸಲೀಸಾಗಿ ತೆರೆಯಿತು. ಗತ್ತಿಗೆಂದು ಕೊನೆಯಲ್ಲಿ ‘ಈ ಇಮೇಲಿಗೆ ಉತ್ತರಿಸಬೇಡಿ, ಬಟನ್ ಒತ್ತಿರಿ’ ಎಂದೂ ಸೇರಿಸಿ, ವಿಳಾಸವಿದ್ದ ಗಿರಾಕಿಗಳಿಗೆಲ್ಲ ಕಳಿಸಿದರು. ಬೇರೆ ಊರಿನಲ್ಲಿ ಒಂಟಿಯಾಗಿದ್ದ ಅಕ್ಕನಿಗೂ ಒಂದು ಹೋಯಿತು.

ಹೆಸರುಗಳ ಪುಟದಲ್ಲಿ ಒಂದೇ ಹೆಸರಿತ್ತು. ಪರೀಕ್ಷೆಗೆಂದು ತಾವೇ ಬರೆದ ತಮ್ಮ ಹೆಸರು. ಮರುದಿನ ನೋಡಿದರೂ ಅದೇ. ಅದರ ಮರುದಿನವೂ ಅದೇ. ಅಂಗಡಿಯ ರೇಡಿಯೊಗಳನ್ನೆಲ್ಲ ಒಟ್ಟಿಗೆ ಹಚ್ಚಿ ಕೂತರು. ಬೀದಿ ಬೀದಿಯೇ ಕಿವಿ ಮುಚ್ಚಿಕೊಳ್ಳಬೇಕು, ಅಷ್ಟು ಗದ್ದಲ. ನಡುವೆ ಕೂತ ಅವರಿಗೆ ಮಾತ್ರ ಯಾರೂ ಒತ್ತದ ಆ ಬಟನ್ನಿನ ಮೌನವೇ ಕೇಳಿಸುತ್ತಿತ್ತು.

ಆದರೆ ಅಕ್ಕ ಫೋನಿನಲ್ಲಿ ವಿಚಾರಿಸಿದಾಗ ನಾಲಗೆ ಸುಮ್ಮನಿರಬೇಕಲ್ಲ! "ಇನ್ನೂರು ಜನ ಬರ್ತೀನಿ ಅಂದಿದ್ದಾರೆ ಅಕ್ಕಾ. ಕುರ್ಚಿ ಎಲ್ಲಿಂದ ತರೋದು ಅಂತಲೇ ಯೋಚನೆ."

ಒಬ್ಬ ಮೇಷ್ಟ್ರು, ಹಳೆಯ ಗಿರಾಕಿ, ಫೋನು ಮಾಡಿದ್ದರು. "ಡಾಕ್ಟ್ರೇ, ನಿಮ್ಮ ಬಟನ್ ತೆರೀತಿಲ್ಲ."

"ಇಲ್ಲಿ ತೆರೀತಿದೆಯಲ್ಲ ಮೇಷ್ಟ್ರೇ. ದೋಷ ನಿಮ್ಮನೇಲಿದೆ."

ಮೇಷ್ಟ್ರು ಮತ್ತೆ ಮಾಡಲಿಲ್ಲ.

ಶನಿವಾರ ಮಧ್ಯಾಹ್ನ ಅಕ್ಕನ ಫೋನು ಬಂತು. "ಏನೋ ಪುಟ್ಟಾ, ನಿನ್ನ ಬಟನ್ನು ಒತ್ತಿ ಒತ್ತಿ ನನ್ನ ಬೆರಳು ಸವೆದು ಅರ್ಧ ಆಯ್ತು. ಅಲ್ಲಾಡಲ್ಲ ಅಂತದೆ."

"ಇಲ್ಲಿ ಚೆನ್ನಾಗೇ ತೆರೀತಿದೆ. ದೋಷ ನಿಮ್ಮನೇಲಿದೆ ಅಕ್ಕಾ."

"ನಮ್ಮನೇಲಿ ದೋಷ ನಿಮ್ಮ ಭಾವ ಇದ್ದಾಗಿಂದ ಇದೆ, ಅದು ಬಿಡು. ಪಕ್ಕದ ಮನೆಯವಳಿಗೆ ಕಳಿಸಿ ಅವಳ ಫೋನಲ್ಲೂ ಒತ್ತಿಸಿದೆ. ಅವಳ ಮಗಳ ಕಂಪ್ಯೂಟರಲ್ಲೂ ನೋಡಿದ್ವಿ. ಎಲ್ಲರ ಮನೇಲೂ ದೋಷಾನೇನೋ?"

ಇವರು ಕೆಮ್ಮಿದರು. ಯಾವ ರೇಡಿಯೊವೂ ಏಳಲಿಲ್ಲ.

"ಅದು ಹಾಳಾಗ್ಲಿ," ಅಕ್ಕ ಅಂದಳು. "ನಮಗ್ಯಾರಿಗೂ ತೆರೀದೇ ಇರೋ ಬಟನ್ನನ್ನ ಆ ಇನ್ನೂರು ಜನ ಹೇಗೋ ಒತ್ತಿದ್ರು?"

ಡಾಕ್ಟರು ಹೆಸರುಗಳ ಪುಟವನ್ನು ಮತ್ತೊಮ್ಮೆ ನೋಡಿದರು.

"ಯಾರೂ ಇಲ್ಲ ಅಕ್ಕಾ. ಒಂದು ಹೆಸರಿದೆ. ಅದು ನಂದೇ."

"ಅಷ್ಟು ದಿನ ಒಬ್ಬನೇ ಅದನ್ನ ನೋಡ್ಕೊಂಡು ಕೂತಿದ್ಯೇನೋ, ಹುಚ್ಚಪ್ಪಾ," ಎಂದಳು ಅಕ್ಕ. ಆಮೇಲೆ ದನಿ ಬದಲಿಸಿ, "ಬಟನ್ ಮೇಲೆ ಬೆರಳಿಟ್ಟು ಹಾಗೇ ಹಿಡಿದ್ರೆ ಏನೋ ಇಂಗ್ಲಿಷ್ ಬರುತ್ತೆ. ಓದ್ಲಾ? ಮೊದಲಿಗೆ ‘ಫೈಲ್’ ಅಂತಿದೆ. ಆಮೇಲೆ ‘ಸಿ’. ಅದಾದ ಮೇಲೆ ನಿನ್ನ ಹೆಸರು."

ಡಾಕ್ಟರು ಹಣೆ ಚಚ್ಚಿಕೊಂಡರು. ಹೆಸರು ಬರೆಯುವ ಪುಟವನ್ನು ಇಂಟರ್ನೆಟ್ಟಿಗೆ ಏರಿಸಿದ್ದೇನೋ ನಿಜ. ಆದರೆ ಇಮೇಲಿನ ಬಟನ್ನಿಗೆ ಅಂಟಿಸಿದ್ದು ತಮ್ಮದೇ ಕಂಪ್ಯೂಟರಿನೊಳಗಿದ್ದ ನಕಲಿನ ವಿಳಾಸ. ಆ ದಾರಿ ಅವರ ಮೇಜಿನಿಂದ ಹೊರಟು ಅವರ ಮೇಜಿಗೇ ಬರುತ್ತಿತ್ತು. ಜಗತ್ತಿನಲ್ಲಿ ಅದು ತೆರೆಯುತ್ತಿದ್ದುದು ಅವರೊಬ್ಬರಿಗೇ.

ಹಳೆಯ ವಿಳಾಸ ಕಿತ್ತು, ಇಂಟರ್ನೆಟ್ಟಿನ ಪೂರ್ತಿ ವಿಳಾಸ ಹಾಕಿ ಮೊದಲು ಅಕ್ಕನಿಗೆ ಕಳಿಸಿದರು. ಈ ಸಲ ತಮ್ಮ ಕಂಪ್ಯೂಟರಿನಲ್ಲಿ ಒತ್ತಿ ನೋಡುವ ಗೋಜಿಗೇ ಹೋಗಲಿಲ್ಲ. "ತೆರೀತು ಕಣೋ, ಹೆಸರೂ ಬರೆದೆ!" ಎಂದು ಅಕ್ಕ ಕೂಗಿದ ಮೇಲೆಯೇ ಉಳಿದವರಿಗೂ ಕಳಿಸಿದರು. ಮೇಷ್ಟ್ರಿಗೆ ಫೋನು ಹಚ್ಚಿದರು. ಗಂಟೆ ಹೊಡೆದು ಹೊಡೆದು ನಿಂತಿತು, ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಯಜಮಾನರು ಬಾಗಿಲಲ್ಲಿ ನಿಂತಿದ್ದರು. "ಏನ್ ಡಾಕ್ಟ್ರೇ, ಕೀ ಕೊಡ್ತೀರಾ? ಊರೇ ನುಗ್ಗಿಬರುತ್ತೆ ಅಂತಿದ್ರಿ, ಎಷ್ಟು ಜನ ಆದ್ರು?"

‘ಒಂದು ಲಕ್ಷ’ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಡಾಕ್ಟರು ಅದನ್ನು ನುಂಗಿಕೊಂಡರು.

"ಇಬ್ಬರು ಸಾರ್. ಒಬ್ಬ ನಾನು. ಇನ್ನೊಬ್ಬಳು ನಮ್ಮಕ್ಕ, ಅವಳಿಗೆ ಅಷ್ಟು ದೂರದಿಂದ ಬರೋಕಾಗಲ್ಲ. ಊರು ಗೀರು ಎಲ್ಲ ನಾನು ಕಟ್ಟಿದ ಕಥೆ." ಅವರು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದರು. "ಇದು ಇನ್ನೊಂದು ವಾರ ನನ್ನ ಹತ್ರ ಇರಲಿ. ಜನ ಬಂದೇ ಬರ್ತಾರೆ ಅಂತ ಹೇಳ್ತಿಲ್ಲ. ಇಷ್ಟು ದಿನ ಬಾಗಿಲು ನಾನೇ ಹಾಕ್ಕೊಂಡು ಕೂತಿದ್ದೆ. ಇನ್ಮೇಲೂ ಯಾರೂ ಬರದಿದ್ರೆ, ಅವರಿಗೇ ಬೇಡವಾಯ್ತು ಅಂತಾದ್ರೂ ಗೊತ್ತಾಗಬೇಕಲ್ಲ ಸಾರ್."